ಕಾಕಾ ಜಿಗಿಯುವಾಗ ನಿಮ್ಮ ಕಣ್ಣು ಎಲ್ಲಿತ್ತು?

ಪ್ರಶ್ನೆ: ಸರ್, ನಾನು ಇಳಕಲ್‌ನವನು, ವಯಸ್ಸು 22. ಎರಡು ವರ್ಷದಿಂದ ಸ್ಟ್ರೀಟ್ ಫೈಟರ್ 6 ಆಡ್ತಿದೀನಿ, ಮಾಡರ್ನ್ ಕಂಟ್ರೋಲ್‌ನಲ್ಲಿ. ಗೆಳೆಯರ ನಡುವೆ ನಾನೇ ಮುಂದು. ದೀಪಾವಳಿಗೆ ನಮ್ಮ ಕಾಕಾ ಬಂದಿದ್ರು. ನನ್ನ ಲ್ಯಾಪ್‌ಟಾಪ್‌ನಲ್ಲಿ ಕಿಂಗ್ ಆಫ್ ಫೈಟರ್ಸ್ 97 (ತಲಾ ಮೂವರ ತಂಡ ಕಟ್ಟಿ ಒಬ್ಬೊಬ್ಬರಾಗಿ ಹೊಡೆದಾಡೋ ಹಳೇ ಆಟ) ಇರೋದು ನೋಡಿ ಆಡೋಣ ಬಾ ಅಂದ್ರು. ಇಪ್ಪತ್ತು ವರ್ಷದಿಂದ ಮುಟ್ಟಿಲ್ಲ ಅಂದ್ರು. ನಾನು ಪ್ಯಾಡ್ ಹಿಡಿದೆ, ಅವರು ಕೀಬೋರ್ಡ್. 30 ಆಟ ಆಡಿದ್ವಿ, 30 ಸೋತೆ. ಅವರ ತಂಡದ ಇಯೋರಿ ಒಬ್ಬನೇ ನನ್ನ ಮೂವರನ್ನೂ ಮುಗಿಸ್ತಾನೆ. ಆಮೇಲೆ ಒಂದು ತಿಂಗಳು ವಿಡಿಯೊ ನೋಡಿ, ಏಟಿನ ಹಿಂದೆ ಏಟು ಪೋಣಿಸೋ ಕಾಂಬೊ ಕಲಿತೆ. ಒಬ್ಬನೇ ಕೂತಾಗ ಎಲ್ಲ ಬರುತ್ತೆ, ಆಟದಲ್ಲಿ ಒಂದೂ ಬರಲ್ಲ. ಈಗ ಹೊಸದಾಗಿ ಹಳೇ ಆಟ ಕಲಿಯೋಕೆ ಆಗುತ್ತಾ? ಎಲ್ಲಿಂದ ಶುರು ಮಾಡಲಿ? ಜಾಯ್‌ಸ್ಟಿಕ್ ತಗೋಬೇಕಾ? ಯುಗಾದಿಗೆ ಕಾಕಾ ಮತ್ತೆ ಬರ್ತಾರೆ.

ಉತ್ತರ: ಮೊದಲು ನಿಮ್ಮ ಕಾಕಾನಿಗೆ ನನ್ನ ನಮಸ್ಕಾರ ಹೇಳಿ. ಇಪ್ಪತ್ತು ವರ್ಷ ಬಿಟ್ಟು ಬಂದು, ಕೀಬೋರ್ಡಿನ ಮೇಲೆ, ಒಬ್ಬನಿಂದ ಮೂವರನ್ನು ಮಲಗಿಸುವುದು ಸುಮ್ನೆ ಮಾತಲ್ಲ. ಅವರು ಯಾವ ಊರಿನ ಯಾವ ಅಂಗಡಿಯಲ್ಲಿ ಆಡಿದವರು ಅಂತ ಕೇಳಿ ಬರೆಯಿರಿ. ನನಗೆ ಅದೊಂದು ಕುತೂಹಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಆಗುತ್ತದೆ. ಯುಗಾದಿಗೆ ಕಾಕಾನನ್ನು ಸೋಲಿಸುತ್ತೀರಿ ಅಂತ ನಾನು ಮಾತು ಕೊಡಲ್ಲ. ಆದರೆ ಮೂವತ್ತರಲ್ಲಿ ಐದಾರು ಕಿತ್ತುಕೊಳ್ಳಬಹುದು, ಉಳಿದವುಗಳಲ್ಲಿ ಅವರ ಬೆವರಿಳಿಸಬಹುದು. ಅದಕ್ಕೆ ಒಂದೇ ಷರತ್ತು. ಕಾಂಬೊ ವಿಡಿಯೊ ನೋಡುವುದನ್ನು ಇವತ್ತೇ ನಿಲ್ಲಿಸಿ. ಕೊನೆಗೆ ಕಲಿಯಬೇಕಾದ್ದನ್ನು ನೀವು ಮೊದಲು ಕಲಿತಿದ್ದೀರಿ. ಮೊದಲ ಏಟು ತಾಗಿದ ಮೇಲೆ ತಾನೇ ಕಾಂಬೊ? ನಿಮ್ಮ ಮೊದಲ ಏಟೇ ತಾಗುತ್ತಿಲ್ಲ.

ಇದನ್ನು ನಾನು ದುಡ್ಡು ಕೊಟ್ಟು ಕಲಿತವನು. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ನವನಗರದ ಸೆಕ್ಟರ್‌ಗೆ ಬರುವ ಮುಂಚೆ, ಹಳೇ ಬಾಗಲಕೋಟೆಯ ನಮ್ಮ ಓಣಿಯ ತುದಿಗೆ ಒಂದು ವಿಡಿಯೊ ಗೇಮ್ ಅಂಗಡಿ ಇತ್ತು. ತಗಡಿನ ಬಾಗಿಲು, ಒಳಗೆ ಕತ್ತಲು, ನಾಲ್ಕು ಮಷಿನ್. ಮೂರರಲ್ಲಿ ಮುಸ್ತಫಾ. ಅದು 1993ರ ಕ್ಯಾಪ್‌ಕಾಮ್ ಆಟ, ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್. ಆ ಹೆಸರಿನಿಂದ ಕರೆದವರನ್ನು ನಾನು ಕಂಡಿಲ್ಲ. ನಾಲ್ಕನೇ ಮಷಿನ್‌ನಲ್ಲಿ 97. ರೂಪಾಯಿಗೆ ಒಂದು ಆಟ. ಗೆದ್ದವನು ಸ್ಟೂಲ್ ಬಿಡುವುದಿಲ್ಲ, ಸೋತವನು ಎದ್ದು ಸಾಲಿನ ಕೊನೆಗೆ ಹೋಗಬೇಕು. ಮೊದಲ ಮೂರು ತಿಂಗಳು ನನ್ನ ರೂಪಾಯಿ ಎರಡು ನಿಮಿಷ ಬಾಳಿದ್ದು ನೆನಪಿಲ್ಲ. ನಾನು ಬಾಗಿಲಲ್ಲಿ ಕಂಡರೆ ಸಾಕು, ಒಳಗಿನಿಂದ ಕೂಗು: "ಬಂತ ನೋಡ್ರಪಾ ಒಂದ್ರುಪಾಯಿ!" ನನ್ನ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪಕ್ಕದ ದರ್ಜಿ ಅಂಗಡಿಯಲ್ಲಿ ಕಾಜಾ ಗುಂಡಿ ಹಾಕುತ್ತಿದ್ದ ಒಬ್ಬ ಅಣ್ಣ ಮಧ್ಯಾಹ್ನ ಊಟದ ಹೊತ್ತಿಗೆ ಬರುತ್ತಿದ್ದ. ಒಂದು ದಿನ ನನ್ನ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದ. ಆಮೇಲೆ ನನ್ನ ತಲೆಯನ್ನು ಎರಡೂ ಕೈಯಿಂದ ಹಿಡಿದು ಪರದೆಯ ಇನ್ನೊಂದು ಕಡೆಗೆ ತಿರುಗಿಸಿದ. "ನಿನ್ನ ಮನುಷ್ಯಾನ ಯಾಕ ನೋಡ್ತಿ? ಅಂವ ನಿನ್ನ ಕೈಯಾಗ ಅದಾನ. ಅವನ ಕಾಲ ನೋಡ" ಅಂದ. ಆ ರೂಪಾಯಿಯಲ್ಲೂ ಸೋತೆ. ಆದರೆ ಸೋಲುವಾಗ ಏನಾಗುತ್ತಿದೆ ಅಂತ ಮೊದಲ ಸಲ ಕಂಡಿತು.

ನೀವೂ ನಿಮ್ಮ ಮನುಷ್ಯನನ್ನೇ ನೋಡುತ್ತಿದ್ದೀರಿ. ಒಂದು ತಿಂಗಳು ಒಬ್ಬರೇ ಕೂತು ಕಾಂಬೊ ಹೊಡೆದವರ ಕಣ್ಣು ಅಲ್ಲೇ ಅಂಟಿಕೊಳ್ಳುತ್ತದೆ. ಕೈ ಸರಿಯಾಗಿ ಬಂತಾ ಅಂತ ನೋಡುವ ಚಾಳಿ ಅದು. ಅಷ್ಟರಲ್ಲಿ ಕಾಕಾ ಜಿಗಿದಾಗಿರುತ್ತದೆ.

ಜಿಗಿತದ ವಿಷಯಕ್ಕೇ ಬರೋಣ. 97ರ ಅರ್ಧ ಆಟ ಇರುವುದೇ ಅಲ್ಲಿ. ಸ್ಟ್ರೀಟ್ ಫೈಟರ್‌ನಲ್ಲಿ ಜಿಗಿತ ಅಂದರೆ ಒಂದು ದೊಡ್ಡ ಬಿಲ್ಲು. ಹೋದವನು ಎಲ್ಲಿ ಇಳಿಯುತ್ತಾನೆ ಅಂತ ಎದುರಿನವನಿಗೆ ಗೊತ್ತು, ಕಾದು ಹೊಡೆಯುತ್ತಾನೆ. ಮಾಡರ್ನ್ ಕಂಟ್ರೋಲ್ ಇದ್ದರೆ ಅದಕ್ಕೆ ಒಂದು ದಿಕ್ಕು, ಒಂದು ಬಟನ್ ಸಾಕು. ಕಿಂಗ್ ಆಫ್ ಫೈಟರ್ಸ್‌ನಲ್ಲಿ ಜಿಗಿತ ನಾಲ್ಕು ಥರ. ಮೇಲಿನ ದಿಕ್ಕನ್ನು ಒತ್ತಿ ಹಿಡಿದರೆ ಮಾಮೂಲಿ ಜಿಗಿತ. ಮುಟ್ಟಿ ತಕ್ಷಣ ಬಿಟ್ಟರೆ ಸಣ್ಣ ಜಿಗಿತ, ಆಟಗಾರರ ಬಾಯಲ್ಲಿ ಹಾಪ್. ಮೊದಲು ಕೆಳಗೆ ಮುಟ್ಟಿ ಆಮೇಲೆ ಮೇಲಕ್ಕೆ ಹಿಡಿದರೆ ದೂರ ಹಾರುವ ಸೂಪರ್ ಜಂಪ್. ಕೆಳಗೆ ಮುಟ್ಟಿ ಮೇಲಕ್ಕೆ ತಟ್ಟಿ ಬಿಟ್ಟರೆ ತಗ್ಗಾಗಿ, ಆದರೆ ದೂರಕ್ಕೆ ಹೋಗುವ ಹೈಪರ್ ಹಾಪ್. ಕೊನೆಯ ಎರಡಕ್ಕೆ ಹಿಂದೆ ನೆರಳು ಬಿದ್ದ ಹಾಗೆ ಕಾಣುತ್ತದೆ. ಕಾಕಾನ ಇಯೋರಿ ನೆರಳು ಎಳೆದುಕೊಂಡು ಮೈಮೇಲೆ ಬರುವುದನ್ನು ನೀವು ನೋಡಿರಬೇಕು.

ಈಗ ಸ್ವಲ್ಪ ಲೆಕ್ಕ. ಪರದೆಯ ಮೇಲಿನ ಚಿತ್ರ ಸೆಕೆಂಡಿಗೆ ಸುಮಾರು 60 ಸಲ ಬದಲಾಗುತ್ತದೆ. ಒಂದೊಂದು ಚಿತ್ರ ಒಂದು ಫ್ರೇಮ್, ಅಂದರೆ ಸುಮಾರು 16.7 ಮಿಲಿಸೆಕೆಂಡ್. ಕಣ್ಣಿಗೆ ಏನೋ ಕಂಡು ಬೆರಳು ಅಲುಗಲು ಮನುಷ್ಯರಿಗೆ ಸಾಮಾನ್ಯವಾಗಿ 200ರಿಂದ 250 ಮಿಲಿಸೆಕೆಂಡ್ ಬೇಕು. 12ರಿಂದ 15 ಫ್ರೇಮ್ ಅಲ್ಲೇ ಹೋಯಿತು. ಅದೂ ಏನು ಬರುತ್ತದೆ ಅಂತ ಮೊದಲೇ ಗೊತ್ತಿದ್ದು ಕಾಯುತ್ತಾ ಕೂತವನಿಗೆ. ಹಾಪ್ ಸುಮಾರು ಅರ್ಧ ಸೆಕೆಂಡಿನಲ್ಲಿ ಮುಗಿಯುತ್ತದೆ, ಏಟು ಅದಕ್ಕೂ ಮೊದಲೇ ಬೀಳುತ್ತದೆ. ಇದೇನು ಅಂತ ಯೋಚಿಸಿ, ನಿರ್ಧಾರ ಮಾಡಿ, ಮೇಲಿಂದ ಬಂದವರನ್ನು ಎದ್ದು ಹೊಡೆಯುವ ಇಯೋರಿಯ ಏಟು ಓನಿಯಾಕಿಯ ಮೂರು ದಿಕ್ಕು ಒತ್ತುವಷ್ಟು ಹೊತ್ತು ನಿಮಗೆ ಸಿಗುವುದೇ ಇಲ್ಲ. ಕಾಕಾನ ಬೆರಳು ನಿಮಗಿಂತ ಚುರುಕು ಅಂತ ತಿಳಿಯಬೇಡಿ. ನಲವತ್ತು ದಾಟಿದವರ ಬೆರಳು 22ರ ಹುಡುಗನಿಗಿಂತ ಚುರುಕಾಗಿರಲ್ಲ. ಅವರಿಗೆ ನೀವು ಯಾವಾಗ ಜಿಗಿಯುತ್ತೀರಿ ಅಂತ ಮೊದಲೇ ಗೊತ್ತಿರುತ್ತದೆ, ಅಷ್ಟೇ.

ಹಾಪ್ ಬಂದರೆ ತಡೆದುಕೊಂಡರಾಯಿತು ಅಂತ ನೀವು ಅನ್ನಬಹುದು. ಅಲ್ಲೇ ಇರುವುದು ಗೋಳು. ಮೇಲಿನಿಂದ ಬರುವ ಏಟನ್ನು ನಿಂತೇ ತಡೆಯಬೇಕು, ಕೂತವನಿಗೆ ಬೀಳುತ್ತದೆ. ಕೆಳಗಿನ ಒದೆಯನ್ನು ಕೂತೇ ತಡೆಯಬೇಕು, ನಿಂತವನಿಗೆ ಬೀಳುತ್ತದೆ. ಹತ್ತಿರ ಬಂದ ಇಯೋರಿ ಒಮ್ಮೆ ಹಾಪ್ ಮಾಡುತ್ತಾನೆ, ಒಮ್ಮೆ ಕಾಲಿಗೆ ಒದೆಯುತ್ತಾನೆ, ಒಮ್ಮೆ ಸುಮ್ಮನೆ ಓಡಿ ಬಂದು ಹಿಡಿದು ಎಸೆಯುತ್ತಾನೆ. ಸಾಲದ್ದಕ್ಕೆ ಗಾಳಿಯಲ್ಲಿ ಹಿಂದಿನ ದಿಕ್ಕಿನ ಜೊತೆ ಬಿ (ಆಟದ ಬಟನ್ ನಾಲ್ಕು: ಎ ಸಣ್ಣ ಗುದ್ದು, ಬಿ ಸಣ್ಣ ಒದೆ, ಸಿ ದೊಡ್ಡ ಗುದ್ದು, ಡಿ ದೊಡ್ಡ ಒದೆ) ಒತ್ತಿದರೆ ಅವನು ಬೆನ್ನ ಹಿಂದಕ್ಕೆ ಒದೆಯುತ್ತಾನೆ. ಅದರ ಹೆಸರು ಯೂರಿ ಓರಿ. ನಿಮ್ಮ ತಲೆ ದಾಟಿ ಹೋಗುತ್ತಾ ಹೊಡೆಯುವುದರಿಂದ ಯಾವ ದಿಕ್ಕಿಗೆ ತಡೆಯಬೇಕು ಅಂತಲೇ ತಿಳಿಯಲ್ಲ. ಬರೀ ತಡೆಯುತ್ತಾ ಕೂತರೆ ನಾಲ್ಕರಲ್ಲಿ ಒಂದು ಊಹೆ ತಪ್ಪುತ್ತದೆ. ಆ ಒಂದಕ್ಕೇ ಅರ್ಧ ಜೀವ ಹೋಗುತ್ತದೆ.

ಹಾಗಾಗಿ ಹಾಪ್ ಹುಟ್ಟುವ ಜಾಗವನ್ನೇ ಕಸಿಯಬೇಕು. ನಮ್ಮ ಕಡೆ ಜಾತ್ರೆಯ ಕುಸ್ತಿ ನೋಡಿರುತ್ತೀರಿ. ದೊಡ್ಡ ಜೋಡಿ ಕಣಕ್ಕೆ ಇಳಿದರೆ ಮೊದಲ ನಿಮಿಷ ಯಾರೂ ಪಟ್ಟು ಹಾಕಲ್ಲ. ಕೈಗೆ ಕೈ ಕೊಡುತ್ತಾರೆ, ಕುತ್ತಿಗೆ ಒತ್ತುತ್ತಾರೆ, ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾರೆ. ಹೊಸಬರಿಗೆ ಅದು ಬೇಜಾರು, ಪಕ್ಕದಲ್ಲಿ ಕೂತ ಮುದುಕರಿಗೆ ಅದೇ ಕುಸ್ತಿ. 97ರಲ್ಲೂ ಹಾಗೆ ಒಂದು ಅಂತರ ಇದೆ. ಹಾಪ್ ಮಾಡಿದರೆ ಸರಿಯಾಗಿ ನಿಮ್ಮ ತಲೆಯ ಮೇಲೆ ಬೀಳುವಷ್ಟು ದೂರ. ಕಾಕಾ ಅದೇ ದೂರದಲ್ಲಿ ನಿಲ್ಲಲು ನೋಡುತ್ತಾರೆ. ನೀವು ಅರ್ಧ ಹೆಜ್ಜೆ ಹಿಂದೆ ಅಥವಾ ಅರ್ಧ ಹೆಜ್ಜೆ ಮುಂದೆ ಇರಿ. ಹಿಂದಿದ್ದರೆ ಅವರ ಹಾಪ್ ನಿಮ್ಮ ಮುಂದೆ ಇಳಿಯುತ್ತದೆ, ಇಳಿದವರನ್ನು ಹೊಡೆಯಬಹುದು. ಮುಂದಿದ್ದರೆ ಅವರು ಜಿಗಿಯಲು ಹಿಂಜರಿಯುತ್ತಾರೆ, ಯಾಕಂದರೆ ಕೆಳಗೇ ನೀವಿರುತ್ತೀರಿ.

ಮೊದಲ ಎರಡು ವಾರ ಇದೊಂದೇ ಮಾಡಿ. ಒಬ್ಬ ಗೆಳೆಯನನ್ನು ಕೂರಿಸಿಕೊಳ್ಳಿ. ಅವನಿಗೆ ಆಟ ಬರದಿದ್ದರೆ ಇನ್ನೂ ಒಳ್ಳೇದು. ಇಯೋರಿ ಕೊಟ್ಟು ಮನಸ್ಸಿಗೆ ಬಂದಾಗ ಜಿಗಿದು ಒದೆ ಅಂತ ಹೇಳಿ, ಬೇರೇನೂ ಮಾಡೋದು ಬೇಡ. ನೀವು ಎರಡೇ ಕೆಲಸ ಮಾಡಿ. ದೊಡ್ಡ ಜಿಗಿತ ಬಂದರೆ ಓನಿಯಾಕಿ. ಹಾಪ್ ಬರುವ ಹಾಗೆ ಅನಿಸಿದರೆ, ಬರುವ ಮುಂಚೆಯೇ, ನೀವೇ ಇದ್ದಲ್ಲೇ ಸಣ್ಣಗೆ ಜಿಗಿದು ಡಿ ಒತ್ತಿ. ಅರ್ಧಕ್ಕರ್ಧ ಸಲ ಊಹೆ ತಪ್ಪುತ್ತದೆ, ತಪ್ಪಲಿ. ಹದಿನೈದು ನಿಮಿಷ ಆದ ಮೇಲೆ ನಿಮಗೇ ಒಂದು ವಿಚಿತ್ರ ಕಾಣುತ್ತದೆ. ಜಿಗಿಯುವ ಮುಂಚೆ ಗೆಳೆಯ ಒಂದು ಹೆಜ್ಜೆ ಮುಂದೆ ಬರುತ್ತಾನೆ, ಅಥವಾ ಒಂದು ಗಳಿಗೆ ಸುಮ್ಮನಾಗುತ್ತಾನೆ. ಪ್ರತಿಯೊಬ್ಬರಿಗೂ ಅಂಥದ್ದೊಂದು ಚಾಳಿ ಇರುತ್ತದೆ. ದರ್ಜಿ ಅಂಗಡಿಯ ಅಣ್ಣ ಕಾಲು ನೋಡು ಅಂದದ್ದು ಇದನ್ನೇ.

ಗೆಳೆಯ ಸಿಗದಿದ್ದರೆ ಕಂಪ್ಯೂಟರ್ ಜೊತೆ ಆಡಿ, ಬೇಸರವಿಲ್ಲ. ಆದರೆ ಒಂದು ಮಾತು. ಕಂಪ್ಯೂಟರ್ ನಿಮ್ಮನ್ನು ಓದುವುದಿಲ್ಲ. ಅದನ್ನು ಸೋಲಿಸುವ ಉಪಾಯಗಳು ಕಾಕಾನ ಮುಂದೆ ನಡೆಯಲ್ಲ.

ಇನ್ನು ಕೈಯ ವಿಷಯ. ದಿಕ್ಕುಗಳನ್ನು ಬರೆಯಲು ಆಟಗಾರರು ಕೀಬೋರ್ಡಿನ ಬಲಗಡೆಯ ನಂಬರ್ ಪ್ಯಾಡ್ ಬಳಸುತ್ತಾರೆ. ಮೊಬೈಲ್ ಡಯಲ್ ಪ್ಯಾಡ್ ಅಲ್ಲ, ಅದು ತಲೆಕೆಳಗು. 5 ಅಂದರೆ ಸುಮ್ಮನೆ ಇರುವುದು, 6 ಮುಂದೆ, 4 ಹಿಂದೆ, 2 ಕೆಳಗೆ, 8 ಮೇಲೆ. ನೆಲದ ಮೇಲೆ ಹರಿದು ಹೋಗುವ ನೇರಳೆ ಬೆಂಕಿ, ಯಾಮಿಬರಾಯಿ, 236 ಮತ್ತು ಎ. ಮೇಲಕ್ಕೆ ಸುತ್ತುತ್ತಾ ಏಳುವ ಓನಿಯಾಕಿ 623 ಮತ್ತು ಎ. ಮೂರು ಸಲ ಹೊಡೆಯುವ ಅಯೋಯಿ ಹಾನಾ 214 ಮತ್ತು ಎ, ಮೂರು ಸಲ.

ಮಾಡರ್ನ್ ಕಂಟ್ರೋಲ್‌ನಿಂದ ಬಂದವರಿಗೆ ಅಡ್ಡಗಾಲು ಹಾಕುವುದು 623. ಅದನ್ನು ಬಿಡಿಸಿ ಹೇಳುತ್ತೇನೆ. ಹೆಬ್ಬೆರಳು ಮೊದಲು 6ಕ್ಕೆ ಹೋಗಬೇಕು. ಪೂರ್ತಿ ಹೋಗಬೇಕು, ಪ್ಯಾಡ್ ಒಳಗೆ ತಗ್ಗಿದ್ದು ಬೆರಳಿಗೆ ಗೊತ್ತಾಗಬೇಕು. ಆಮೇಲೆ 2. ಆಮೇಲೆ 3, ಅಂದರೆ ಮುಂದಿನ ಕೆಳಮೂಲೆ. ಬೆರಳನ್ನು ಅಲ್ಲೇ ನಿಲ್ಲಿಸಿ ಎ ಒತ್ತಬೇಕು. ನಿಲ್ಲಿಸುವುದೇ ಕಷ್ಟ. ಹೊಸಬರ ಬೆರಳು ಜಾರಿ 6ರವರೆಗೂ ಹೋಗುತ್ತದೆ. ಪುಣ್ಯಕ್ಕೆ, ತಪ್ಪಿ ಬಂದ ಏಟೇ ಏನು ತಪ್ಪಾಯಿತು ಅಂತ ಹೇಳುತ್ತದೆ. ಬೆಂಕಿ ನೆಲದಲ್ಲಿ ಹೊರಟರೆ ಮೊದಲ 6 ಬಿದ್ದಿಲ್ಲ, ಕೊನೆಗೆ ಜಾರಿದ್ದೀರಿ. ಕೂತು ಗುದ್ದಿದರೆ ಕೆಳಗೆ ಇಳಿದಿದ್ದೀರಿ, ಆದರೆ ಬಟನ್ ಬೇಗ ಒತ್ತಿದ್ದೀರಿ ಅಥವಾ 6 ತಪ್ಪಿದೆ. ನಿಂತು ಗುದ್ದಿದರೆ ಕೆಳಗೆ ಇಳಿದೇ ಇಲ್ಲ. ಮುಂದೆ ನಡೆಯುತ್ತಾ ಬೆಂಕಿ ಬಿಡಲು ಹೋಗಿ ಓನಿಯಾಕಿ ಬಂದರೆ ತಪ್ಪು ನಿಮ್ಮದಲ್ಲ. ನಡೆಯುವ 6 ಮತ್ತು ಬೆಂಕಿಯ 23 ಸೇರಿ ಆಟಕ್ಕೆ 623 ಅಂತ ಕೇಳಿಸಿದೆ. ಒಂದು ಗಳಿಗೆ ಬೆರಳು ಎತ್ತಿ ಆಮೇಲೆ 236 ಮಾಡಿ.

ದಿನಕ್ಕೆ ಎಡಗಡೆ ನಿಂತು ಇಪ್ಪತ್ತು, ಬಲಗಡೆ ನಿಂತು ಮೂವತ್ತು. ಬಲಗಡೆ ಜಾಸ್ತಿ, ಯಾಕಂದರೆ ಎಲ್ಲರೂ ಎಡಗಡೆಯೇ ಅಭ್ಯಾಸ ಮಾಡುತ್ತಾರೆ, ಕಾಕಾ ತಲೆ ಮೇಲಿಂದ ದಾಟಿ ಹೋದ ಕೂಡಲೇ ಕೈ ಕಟ್ಟುತ್ತದೆ. ಬೇಗ ಮಾಡಬೇಡಿ. "ಮುಂದೆ, ಕೆಳಗೆ, ಮೂಲೆ" ಅಂತ ಬಾಯಲ್ಲಿ ಹೇಳುತ್ತಾ ಮಾಡಿ. ಮನೆಯವರು ನಗುತ್ತಾರೆ, ನಗಲಿ. ದಿನಾ ಇಪ್ಪತ್ತು ನಿಮಿಷ ಕೂತವರು, ಭಾನುವಾರ ಐದು ತಾಸು ಕೂತವರಿಗಿಂತ ಬೇಗ ಕಲಿಯುತ್ತಾರೆ. ಇದನ್ನು ನಾನು ನನ್ನ ಅಂಗಡಿಗೆ ಬರುವ ಹುಡುಗರಲ್ಲಿ ಮತ್ತೆ ಮತ್ತೆ ನೋಡಿದ್ದೇನೆ.

ಒಂದು ತಿಂಗಳ ನಂತರ ಕಾಂಬೊ. ಒಂದೇ ಒಂದು. ಜಿಗಿದು ಸಿ, ಇಳಿದ ಕೂಡಲೇ ಹತ್ತಿರ ನಿಂತು ಸಿ, ಅಯೋಯಿ ಹಾನಾ ಮೂರು. ಮುಗಿಯಿತು. ನೀವು ಇಳಕಲ್‌ನವರು, ಸೀರೆಯ ಒಡಲಿಗೆ ಸೆರಗನ್ನು ಹೇಗೆ ಸೇರಿಸುತ್ತಾರೆ ನೋಡಿರುತ್ತೀರಿ. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಸಿಕ್ಕಿಸುವ ಕೊಂಡಿ. ಒಂದು ಕೊಂಡಿ ಬಿಟ್ಟರೆ ಅಲ್ಲೇ ಬಿರುಕು. ಈ ಕಾಂಬೊದಲ್ಲಿ ಕೊಂಡಿ ಇರುವುದು ನಿಂತ ಸಿ ಮತ್ತು ಮೊದಲ 214ರ ನಡುವೆ. ಸಿ ತಾಗಿದ ಮೇಲೆ ಇಯೋರಿ ಕೈ ಹಿಂದಕ್ಕೆ ಎಳೆದುಕೊಳ್ಳಬೇಕು. ಅಷ್ಟರೊಳಗೆ 214 ಮತ್ತು ಎ ಬಂದರೆ ಆಟ ಆ ಎಳೆಯುವ ಭಾಗವನ್ನು ಕತ್ತರಿಸಿ ಮುಂದಿನ ಏಟಿಗೆ ಹಾರುತ್ತದೆ. ಇದಕ್ಕೆ ಕ್ಯಾನ್ಸಲ್ ಅನ್ನುತ್ತಾರೆ. ಸಿ ತಾಗಿದ್ದನ್ನು ನೋಡಿ ಆಮೇಲೆ 214 ಶುರು ಮಾಡಿದರೆ ತಡವಾಯಿತು. ಸಿ ಒತ್ತಿದ ಬೆರಳು ಮೇಲೇಳುವಷ್ಟರಲ್ಲಿ ಎಡಗೈ ಆಗಲೇ 2ರಲ್ಲಿರಬೇಕು. ಒಬ್ಬರೇ ಕೂತಾಗ ಬಂದದ್ದು ಆಟದಲ್ಲಿ ಬರದಿರುವುದು ಇಲ್ಲೇ. ಕಾಕಾ ಎದುರಿಗಿದ್ದಾಗ ನೀವು ತಾಗಿತಾ ಅಂತ ನೋಡಿಕೊಂಡು ಮುಂದುವರಿಯುತ್ತೀರಿ.

ಒಂದು ಎಚ್ಚರ. ಮೊದಲ ಅಯೋಯಿ ಹಾನಾವನ್ನು ಅವರು ತಡೆದರೆ ನಿಲ್ಲಿಸಿ. ಮೂರನ್ನೂ ಹೊಡೆದು ಮುಗಿಸಿದರೆ ನೀವು ನಿಂತ ಬೊಂಬೆ, ಅವರಿಗೆ ಹಬ್ಬ. ಮೂವತ್ತು ಸೋಲಲ್ಲಿ ಹತ್ತಾದರೂ ಇದರಿಂದಲೇ ಆಗಿರಬೇಕು ಅಂತ ನನ್ನ ಗುಮಾನಿ.

ಅಂದ ಹಾಗೆ, ಕಾಂಬೊ ಅನ್ನುವುದು ಯಾರೋ ಕೂತು ಯೋಚಿಸಿ ಮಾಡಿದ್ದಲ್ಲ. 1991ರ ಸ್ಟ್ರೀಟ್ ಫೈಟರ್ 2 ತಯಾರಾಗುವಾಗ, ಕಾರು ಒಡೆಯುವ ಬೋನಸ್ ಆಟದಲ್ಲಿ ಏಟಿನ ಹಿಂದೆ ಏಟು ಸೇರಿಕೊಳ್ಳುವುದು ನೊರಿತಕಾ ಫುನಮಿಜು ಅನ್ನುವವರ ಕಣ್ಣಿಗೆ ಬಿತ್ತು. ಅಷ್ಟು ಸರಿಯಾಗಿ ಸಮಯ ಹಿಡಿಯುವುದು ಯಾರಿಗೂ ಆಗಲಿಕ್ಕಿಲ್ಲ ಅಂತ ಹಾಗೇ ಬಿಟ್ಟರು. ಇವತ್ತು ಅದರ ಮೇಲೇ ಇಡೀ ಆಟಗಳು ನಿಂತಿವೆ.

ಯಾರನ್ನು ಆರಿಸಬೇಕು? ನಿಮ್ಮ ಮನಸ್ಸಿಗೆ ಹಿಡಿಸಿದವರನ್ನು ಅಂತ ಎಲ್ಲರೂ ಹೇಳುತ್ತಾರೆ. ನಾನು ಹಾಗೆ ಹೇಳಲ್ಲ. ಇಯೋರಿಯನ್ನೇ ಆರಿಸಿ. ದೂರದಿಂದ ಬೆಂಕಿ, ಮೇಲಿಂದ ಬಂದವರಿಗೆ ಓನಿಯಾಕಿ, ಹತ್ತಿರಕ್ಕೆ ಅಯೋಯಿ ಹಾನಾ, ಎಲ್ಲ ಅವನ ಬಳಿ ಇದೆ. ದಿಕ್ಕುಗಳೂ ಸುಲಭ. ಇನ್ನೊಂದು ಲಾಭ, ಕಾಕಾನ ಇಯೋರಿಗೆ ಎಲ್ಲಿ ನೋವಾಗುತ್ತದೆ ಅಂತ ಅವನನ್ನು ಆಡಿದರೇ ಗೊತ್ತಾಗುವುದು. ಇನ್ನೊಂದು ಪಾತ್ರ ಕ್ಯೋ ನೋಡಲು ಚೆಂದ, ಆದರೆ 96ರ ಆವೃತ್ತಿಯಲ್ಲೇ ಅವನ ನೆಲದ ಬೆಂಕಿಯನ್ನು ಕಿತ್ತುಕೊಂಡರು. 97ರ ಕ್ಯೋ ಹತ್ತಿರ ಹೋಗಿ ಒಂದಕ್ಕೊಂದು ಏಟು ಪೋಣಿಸುವವನು, ಹೊಸಬರಿಗೆ ಭಾರ. ಉಳಿದ ಇಬ್ಬರು ಯಾರಾದರೂ ಸರಿ, ನಾಲ್ಕು ತಿಂಗಳು ಬದಲಾಯಿಸಬೇಡಿ.

ಶುರುವಿನಲ್ಲಿ ಅಡ್ವಾನ್ಸ್ಡ್ ಮತ್ತು ಎಕ್ಸ್‌ಟ್ರಾ ಅಂತ ಎರಡು ಬಗೆ ಕೇಳುತ್ತದೆ. ಅಡ್ವಾನ್ಸ್ಡ್ ತಗೊಳ್ಳಿ. ಓಡಬಹುದು, ಎ ಮತ್ತು ಬಿ ಒಟ್ಟಿಗೆ ಒತ್ತಿ ಉರುಳಬಹುದು. ಆದರೆ ಉರುಳುವವನನ್ನು ಹಿಡಿದು ಎಸೆಯಬಹುದು, ಕಾಕಾನಿಗೆ ಅದು ಗೊತ್ತೇ ಇರುತ್ತದೆ. ಕೆಳಗೆ ಪವರ್ ತುಂಬಿ ಒಂದು ಸ್ಟಾಕ್ ಆದಾಗ ಎಲ್ಲ ಹೊಸಬರೂ ದೊಡ್ಡ ಏಟಿಗೆ ಕೈ ಹಾಕುತ್ತಾರೆ. ನೀವು ಅದನ್ನು ಉಳಿಸಿಕೊಳ್ಳಿ. ಕಾಕಾ ಮೂಲೆಗೆ ಒತ್ತಿ ಬಡಿಯುತ್ತಿರುವಾಗ, ತಡೆಯುತ್ತಿರುವಂತೆಯೇ ಸಿ ಮತ್ತು ಡಿ ಒಟ್ಟಿಗೆ ಒತ್ತಿ. ಒಂದು ಸ್ಟಾಕ್ ಹೋಗುತ್ತದೆ, ಅವರು ದೂರ ಹೋಗಿ ಬೀಳುತ್ತಾರೆ. ಉಸಿರಾಡಲು ಜಾಗ ಸಿಗುತ್ತದೆ. ನನ್ನ ಪ್ರಕಾರ ಹೊಸಬರಿಗೆ ಈ ಆಟದಲ್ಲಿರುವ ಅತಿ ದೊಡ್ಡ ಉಪಕಾರ ಇದು.

ಇನ್ನೊಂದು ನಿಮ್ಮ ತಲೆಗೆ ಹೊಳೆದಿಲ್ಲ ಅನಿಸುತ್ತದೆ. ಗೆದ್ದ ಇಯೋರಿ ಪೂರ್ತಿ ಜೀವದೊಂದಿಗೆ ಮುಂದಿನ ಸುತ್ತಿಗೆ ಬರುವುದಿಲ್ಲ. ಉಳಿದ ಜೀವಕ್ಕೆ ಸ್ವಲ್ಪ ಸೇರಿಸಿಕೊಂಡು ಬರುತ್ತಾನೆ. ಅಂದರೆ ನಿಮ್ಮ ಮೊದಲನೆಯವನು ಅವನನ್ನು ಸೋಲಿಸಬೇಕಾಗಿಲ್ಲ. ಅರ್ಧ ಜೀವ ಇಳಿಸಿ ಸತ್ತರೂ ಕೆಲಸ ಆಯಿತು. ಮೊದಲ ಇಬ್ಬರನ್ನು ಹಾಗೆ ಆಡಿಸಿ, ಇಯೋರಿಯನ್ನು ಮೂರನೆಯವನಾಗಿ ಇಡಿ.

97 ನ್ಯಾಯವಾದ ಆಟ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೆಲವರು ತೀರಾ ಬಲಿಷ್ಠ, ಕೆಲವರು ಪಾಪ. ಅಡಗಿಸಿಟ್ಟ ಹುಚ್ಚು ಇಯೋರಿ, ಹುಚ್ಚು ಲಿಯೋನಾ ಬೇರೆ ಇದ್ದಾರೆ. ಕೆಲವು ಏಟಿನ ಸರಣಿಗಳಿಗೆ ಕೊನೆಯೇ ಇಲ್ಲ. ನಮ್ಮ ಅಂಗಡಿಯಲ್ಲಿ ಹುಚ್ಚರನ್ನು ಆರಿಸಿದವನ ಬೆನ್ನಿಗೆ ಗುದ್ದು ಬೀಳುತ್ತಿತ್ತು, ಅದೇ ಕಾನೂನು. ನೀವೂ ಕಾಕಾನ ಜೊತೆ ಮೊದಲೇ ಮಾತಾಡಿಕೊಳ್ಳಿ. ಮರುವರ್ಷ ಬಂದ 98 ಇದಕ್ಕಿಂತ ಒಪ್ಪವಾದ ಆಟ, ಅದರಲ್ಲಿ ಕತೆ ಕೂಡ ಇಲ್ಲ, ಬರೀ ಹೊಡೆದಾಟ. ಇಲ್ಲಿ ಕಲಿತ ಜಿಗಿತ, ಅಂತರ, ಕೊಂಡಿ ಎಲ್ಲ ಅಲ್ಲೂ ನಡೆಯುತ್ತದೆ. ಆದರೆ ಕಾಕಾ ಕೂರುವುದು 97ರ ಮುಂದೆ, ಹಾಗಾಗಿ ಸದ್ಯಕ್ಕೆ ಇದೇ.

ಈ ಆಟ ಯಾಕೆ ಇಷ್ಟು ಒರಟು ಅನಿಸಬಹುದು. ನಿಮ್ಮ ಸ್ಟ್ರೀಟ್ ಫೈಟರ್ 6 ಕೈ ಹಿಡಿದು ಕಲಿಸುತ್ತದೆ. ಪಾಠ ಇದೆ, ಪ್ರತಿ ಪಾತ್ರಕ್ಕೂ ವಿವರಣೆ ಇದೆ, ಯಾವ ಏಟು ಎಷ್ಟು ಫ್ರೇಮ್ ಅಂತ ಪಟ್ಟಿ ಎಳೆದು ತೋರಿಸುತ್ತದೆ. 97 ಹುಟ್ಟಿದ್ದು ನಾಣ್ಯ ನುಂಗುವ ಪೆಟ್ಟಿಗೆಗೆ. ನೀವು ಕಲಿಯಲಿ ಅಂತ ಅದಕ್ಕೇನೂ ಆತುರ ಇರಲಿಲ್ಲ, ಮುಂದಿನ ರೂಪಾಯಿಗಿತ್ತು. ಕಲಿಸುವ ಕೆಲಸವನ್ನು ಪಕ್ಕದ ಸ್ಟೂಲಿನವನು ಮಾಡುತ್ತಿದ್ದ, ಬೈಯುತ್ತಾ. ಆ ಪಕ್ಕದವನು ನಿಮಗಿಲ್ಲ. ಅದಕ್ಕೇ ವಿಡಿಯೊಗೆ ಮೊರೆ ಹೋದಿರಿ. ವಿಡಿಯೊದಲ್ಲಿ ಕಾಣುವುದು ಮಾತ್ರ ತಾಗಿದ ಏಟು, ತಾಗದ ನೂರು ಕಾಣಲ್ಲ.

ಒಂದು ವಿಡಿಯೊ ಎಲ್ಲರೂ ನನಗೆ ಕಳಿಸುತ್ತಾರೆ, ನಿಮಗೂ ಬಂದಿರುತ್ತದೆ. 2004ರ ಇವೊ ಪಂದ್ಯಾವಳಿ, ಕ್ಯಾಲಿಫೋರ್ನಿಯಾ, ಸ್ಟ್ರೀಟ್ ಫೈಟರ್ 3 ಥರ್ಡ್ ಸ್ಟ್ರೈಕ್. ದೈಗೊ ಉಮೆಹರಾನ ಕೆನ್‌ಗೆ ಕೂದಲೆಳೆಯಷ್ಟು ಜೀವ. ಜಸ್ಟಿನ್ ವಾಂಗ್‌ನ ಚುನ್ ಲಿ ಸೂಪರ್ ಏಟು ಬಿಡುತ್ತಾಳೆ, 15 ಒದೆ. ದೈಗೊ ಹದಿನೈದನ್ನೂ ಪ್ಯಾರಿ ಮಾಡಿ, ಅಂದರೆ ಜೀವ ಚೂರೂ ಹೋಗದ ಹಾಗೆ ತಳ್ಳಿಹಾಕಿ, ತಿರುಗಿ ಹೊಡೆದು ಗೆಲ್ಲುತ್ತಾನೆ. ಜನ ಕುರ್ಚಿ ಬಿಟ್ಟು ಎದ್ದು ಕೂಗುತ್ತಾರೆ. ಪ್ಯಾರಿ ಮಾಡಲು ಏಟು ಬೀಳುವ ಗಳಿಗೆಗೆ ಸರಿಯಾಗಿ ಮುಂದಿನ ದಿಕ್ಕು ತಟ್ಟಬೇಕು. ಆ ಸೂಪರ್‌ನ ಮೊದಲ ಒದೆಯನ್ನು ನೋಡಿ ತಟ್ಟುವಷ್ಟು ಸಮಯ ಇರುವುದಿಲ್ಲ, ಅದು ಬರುತ್ತದೆ ಅಂತ ಮೊದಲೇ ತಟ್ಟಬೇಕು. ಅಂದರೆ ಅವನು ಜಸ್ಟಿನ್‌ನನ್ನು ಓದಿದ್ದ. ಜೀವ ಅಷ್ಟು ಕಡಿಮೆ ಇದ್ದಾಗ ತಡೆದರೂ ಚೂರು ಚೂರು ಹೋಗಿ ಸಾಯುತ್ತಾನೆ, ಹಾಗಾಗಿ ಎದುರಿನವನು ಸೂಪರ್ ಬಿಡಲೇಬೇಕು ಅಂತ ಗೊತ್ತಿತ್ತು. ಆ ವರ್ಷದ ಪ್ರಶಸ್ತಿ ದೈಗೊಗೆ ಸಿಗಲಿಲ್ಲ, ಫೈನಲ್‌ನಲ್ಲಿ ಕೆಂಜಿ ಒಬಾತಾ ಎದುರು ಸೋತ. ವಿಡಿಯೊ ಕಳಿಸುವವರು ಅದನ್ನು ಹೇಳುವುದಿಲ್ಲ.

ಆಡಲು ಜನ ಹುಡುಕಿ. ನಿಮಗಿಂತ ಸ್ವಲ್ಪ ಮೇಲಿರುವ ಒಬ್ಬರು ಸಾಕು. ಹತ್ತರಲ್ಲಿ ಎರಡು ಮೂರು ನೀವು ಗೆಲ್ಲುವಷ್ಟು ಮೇಲೆ. ಹತ್ತಕ್ಕೆ ಹತ್ತೂ ಸೋಲಿಸುವವರಿಂದ ಕಲಿಯುವುದು ಕಷ್ಟ, ಎಲ್ಲಿ ತಪ್ಪಿತು ಅಂತ ಕಾಣುವಷ್ಟರಲ್ಲಿ ಮುಗಿದಿರುತ್ತದೆ. ಇಳಕಲ್, ಹುನಗುಂದ, ಬಾಗಲಕೋಟೆ ಕಡೆ ನಲವತ್ತರ ಆಸುಪಾಸಿನ ಗಂಡಸರನ್ನು ಚಹಾ ಅಂಗಡಿಯಲ್ಲಿ ವಿಚಾರಿಸಿ, ಇಯೋರಿ ಹೆಸರು ಹೇಳಿ ನೋಡಿ. ಹತ್ತರಲ್ಲಿ ಒಬ್ಬರ ಕಣ್ಣು ಅಗಲ ಆಗುತ್ತದೆ. ಆನ್‌ಲೈನ್ ಆಡುವುದಾದರೆ 2018ರಲ್ಲಿ ಬಂದ ಗ್ಲೋಬಲ್ ಮ್ಯಾಚ್ ಆವೃತ್ತಿಯಲ್ಲಿ ಆಡಬಹುದು. ದೂರದ ದೇಶದವರ ಜೊತೆ ಬೇಡ. ಗುಂಡಿ ಒತ್ತಿದ್ದಕ್ಕೂ ಏಟು ಬಿದ್ದದ್ದಕ್ಕೂ ನಡುವೆ ಅಂತರ ಬಂದರೆ ಕೈ ತಪ್ಪು ಸಮಯ ಕಲಿಯುತ್ತದೆ. ಕಲಿತದ್ದನ್ನು ಬಿಡಿಸುವುದು ಕಲಿಸುವುದಕ್ಕಿಂತ ಕಷ್ಟ.

ಪ್ರತಿ ಸೋಲಿನ ನಂತರ ಒಂದು ಪದ ಬರೆದುಕೊಳ್ಳಿ. ಹಾಪ್, ಹಿಡಿತ, ಕಾಲು, ಅವಸರ, ಹೀಗೆ. ವಾರದ ಕೊನೆಗೆ ಯಾವ ಪದ ಜಾಸ್ತಿ ಇದೆಯೋ ಮುಂದಿನ ವಾರ ಅದೊಂದರ ಮೇಲೆ ಕೂರಿ. ನನ್ನದರಲ್ಲಿ ಆರು ತಿಂಗಳು ಅವಸರವೇ ಇತ್ತು.

ಲ್ಯಾಪ್‌ಟಾಪನ್ನು ದೊಡ್ಡ ಟಿವಿಗೆ ಜೋಡಿಸುವುದಾದರೆ ಟಿವಿಯ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿ. ಹೊಸ ಟಿವಿಗಳು ಚಿತ್ರವನ್ನು ತಿದ್ದಿ ತೀಡಿ ತೋರಿಸುವುದರಲ್ಲಿ ಕೆಲವು ಫ್ರೇಮ್ ತಡಮಾಡುತ್ತವೆ. ನಮ್ಮ ಅಂಗಡಿಯ ಹಳೇ ಡಬ್ಬಾ ಪರದೆಗಳಲ್ಲಿ ಆ ತೊಂದರೆ ಇರಲಿಲ್ಲ. ಪ್ಯಾಡ್ ಬ್ಲೂಟೂತ್‌ನದಾದರೆ ವೈರ್ ಹಾಕಿ ಆಡಿ.

ಕೊನೆಗೆ ಜಾಯ್‌ಸ್ಟಿಕ್. ಈಗ ಬೇಡ. ಸ್ಟಿಕ್ ಹಿಡಿಯಲು ಕಲಿಯುವುದಕ್ಕೇ ಎರಡು ತಿಂಗಳು ಹೋಗುತ್ತದೆ, ನಿಮ್ಮ ಬಳಿ ಇರುವುದೇ ನಾಲ್ಕು. ನಾನು ಆಸೆಬಿದ್ದು ಆನ್‌ಲೈನ್‌ನಲ್ಲಿ ಅಗ್ಗದ್ದೊಂದು ತರಿಸಿದ್ದೆ. ಮೂರನೇ ವಾರಕ್ಕೆ ಕೆಳಗಿನ ದಿಕ್ಕಿನ ಸ್ವಿಚ್ ಸತ್ತಿತು, ಓನಿಯಾಕಿಯೇ ಬರಲಿಲ್ಲ. ಬಿಚ್ಚಿ ನೋಡಿದರೆ ಒಳಗೆ ಮೈಕ್ರೋಸ್ವಿಚ್ಚೇ ಇಲ್ಲ, ರಬ್ಬರ್ ತುಂಡು. ನಿಮ್ಮ ಪ್ಯಾಡ್ ಸಾಕು. ಸೋಲಿಗೆ ಸಾಮಾನು ಕಾರಣ ಅಲ್ಲ ಅನ್ನುವುದಕ್ಕೆ ಕಾಕಾನೇ ಸಾಕ್ಷಿ, ಅವರು ಬರೀ ಕೀಬೋರ್ಡಿನಲ್ಲಿ ಮೂವತ್ತು ಗೆದ್ದರು. ಮುಂದೆ ಯಾವಾಗಲಾದರೂ ಸ್ಟಿಕ್ ತಂದರೆ ಯುಗಾದಿ ಮುಗಿಯುವವರೆಗೆ ಅಟ್ಟದ ಮೇಲಿಡಿ. ಅದು ಕಾಕಾನ ಕೈಗೆ ಸಿಕ್ಕರೆ ನಾನು ಹೇಳಿದ ಐದಾರೂ ನಿಮಗೆ ಉಳಿಯಲ್ಲ.